ಇಳಿವಯಸ್ಸಿನ ಆಹಾರ: ಮುದ್ದೆ ಕಿರಿದಾಗಲಿ, ಕಾಳು ಕಡಿಮೆಯಾಗದಿರಲಿ



ತೋಟದ ಹಳೆಯ ಗಿಡಕ್ಕೆ ವಯಸ್ಸಾಯಿತೆಂದು ನಾವು ಯಾರೂ ಗೊಬ್ಬರ ನಿಲ್ಲಿಸುವುದಿಲ್ಲ. ಗಿಡದ ಸ್ಥಿತಿ ನೋಡಿ, ಯಾವುದನ್ನು ಕಡಿಮೆ ಮಾಡಬೇಕು, ಯಾವುದನ್ನು ಹಾಗೆಯೇ ಉಳಿಸಬೇಕು ಎಂದು ಯೋಚಿಸಿ ಕೊಡುತ್ತೇವೆ. ಮನೆಯ ಹಿರಿಯರ ವಿಷಯದಲ್ಲಿ ಮಾತ್ರ ಈ ಯೋಚನೆ ಬರುವುದಿಲ್ಲ. ‘ವಯಸ್ಸಾದವರಿಗೆ ಎಷ್ಟು ಬೇಕು? ಒಂದು ತುತ್ತು ಅನ್ನ, ಒಂದಿಷ್ಟು ತಿಳಿಸಾರು ಸಾಕು’ ಎಂಬ ಮಾತು ಹೆಮ್ಮಿಗೆಯಲ್ಲೂ ಕೇಳುತ್ತದೆ, ತಿ. ನರಸೀಪುರ, ನಂಜನಗೂಡಿನ ಯಾವ ಹಳ್ಳಿಯಲ್ಲೂ ಕೇಳುತ್ತದೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧ ಏನೆಂಬುದೇ ಈ ಪಾಠದ ವಿಷಯ.

1. ಯಾವುದು ಕಡಿಮೆಯಾಗುತ್ತದೆ, ಯಾವುದು ಆಗುವುದಿಲ್ಲ

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯು ಭಾರತೀಯರಿಗೆ ಬೇಕಾದ ಆಹಾರಾಂಶಗಳ ಲೆಕ್ಕವನ್ನು 2020ರಲ್ಲಿ ಪರಿಷ್ಕರಿಸಿತು. ಅದರ ಪ್ರಕಾರ ಮಧ್ಯಮ ಶ್ರಮದ ಕೆಲಸ ಮಾಡುವ ವಯಸ್ಕ ಗಂಡಸಿಗೆ ದಿನಕ್ಕೆ ಸುಮಾರು 2710 ಕ್ಯಾಲೊರಿ ಶಕ್ತಿ ಬೇಕು. 60 ದಾಟಿದವನಿಗೆ ಸುಮಾರು 1700 ಸಾಕು. ಹೆಂಗಸರಲ್ಲಿ ಇದು 2130ರಿಂದ 1500ಕ್ಕೆ ಇಳಿಯುತ್ತದೆ. ಅಂದರೆ ಪಿಷ್ಟ ಮತ್ತು ಎಣ್ಣೆಯ ಅಗತ್ಯ ಮೂರರಲ್ಲಿ ಒಂದು ಭಾಗದಷ್ಟು ಕಡಿಮೆಯಾಯಿತು.

ಆದರೆ ಸಸಾರಜನಕ, ಅಂದರೆ ಪ್ರೋಟೀನಿನ ಅಗತ್ಯ ಇಳಿಯುವುದಿಲ್ಲ. ಗಂಡಸಿಗೆ 54 ಗ್ರಾಂ, ಹೆಂಗಸಿಗೆ ಸುಮಾರು 46 ಗ್ರಾಂ; ಪ್ರಾಯದಲ್ಲಿಯೂ ಅಷ್ಟೆ, ಇಳಿವಯಸ್ಸಿನಲ್ಲಿಯೂ ಅಷ್ಟೆ. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಪ್ರಾಯದವರಿಗೆ 1000 ಮಿಲಿಗ್ರಾಂ, 60 ದಾಟಿದವರಿಗೆ 1200.

ಕಾರಣ ಸರಳವಾದುದು. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ಮೂಳೆ ಟೊಳ್ಳಾಗುತ್ತದೆ. ಇವನ್ನು ತಡೆಯಲು ಬೇಕಾದ ಸರಕನ್ನು ಸಣ್ಣ ಊಟದಲ್ಲಿಯೇ ತುಂಬಬೇಕು. ಹಿರಿಯರ ಊಟ ಗಾತ್ರದಲ್ಲಿ ಕಿರಿದು, ಗುಣದಲ್ಲಿ ಹಿರಿದಾಗಿರಬೇಕು. ಎಪ್ಪತ್ತರಲ್ಲಿಯೂ ಗುದ್ದಲಿ ಹಿಡಿಯುವ ರೈತನಿಗೆ ಅನ್ನ, ಮುದ್ದೆ ಇನ್ನೂ ಹೆಚ್ಚು ಬೇಕಾಗುವುದೆಂದು ಬೇರೆ ಹೇಳಬೇಕಾಗಿಲ್ಲ.

2. ಬಸ್ಸಾರಿನ ಲೆಕ್ಕ

ನಮ್ಮ ಕಡೆಯ ಬಸ್ಸಾರನ್ನೇ ತೆಗೆದುಕೊಳ್ಳಿ. ಕಾಳು ಮತ್ತು ಸೊಪ್ಪನ್ನು ಬೇಯಿಸಿ ಬಸಿಯುತ್ತೇವೆ. ಬಸಿದ ಕಟ್ಟು ಸಾರಾಗುತ್ತದೆ. ಉಳಿದ ಕಾಳು-ಸೊಪ್ಪು ಪಲ್ಯವಾಗುತ್ತದೆ. ಹಲ್ಲಿಲ್ಲದ ತಾತನಿಗೆ ಮುದ್ದೆಯ ಜೊತೆ ಸಾರು ಬಡಿಸಿ, ಪಲ್ಯವನ್ನು ಹಲ್ಲಿರುವವರ ತಟ್ಟೆಗೆ ಹಾಕುತ್ತೇವೆ. ಸಾರು ರುಚಿಯಾದುದು ನಿಜ. ಆದರೆ ಕಾಳಿನ ಸಸಾರಜನಕದ ಬಹುಭಾಗ ಪಲ್ಯದಲ್ಲಿಯೇ ಉಳಿದಿರುತ್ತದೆ. ಯಾರಿಗೆ ಅದು ಹೆಚ್ಚು ಬೇಕೋ ಅವರಿಗೇ ಅದು ತಪ್ಪಿಹೋಗುತ್ತದೆ.

ಪರಿಹಾರಕ್ಕೆ ಖರ್ಚಿಲ್ಲ. ಅವರ ಪಾಲಿನ ಕಾಳು-ಸೊಪ್ಪನ್ನು ಇನ್ನಷ್ಟು ಬೇಯಿಸಿ, ಮಸೆದು ಅಥವಾ ರುಬ್ಬಿ ಸಾರಿಗೇ ಬೆರೆಸಿ ಗಟ್ಟಿ ಮಾಡಿಕೊಡಿ. ಹುರುಳಿ, ಅಲಸಂದೆ, ಹೆಸರು, ತೊಗರಿ ಯಾವುದಾದರೂ ಆದೀತು. ಒಣಕಾಳು 100 ಗ್ರಾಮಿನಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಬೇಗ ಬೇಯುತ್ತದೆ, ಹೊಟ್ಟೆ ಉಬ್ಬರವೂ ಕಡಿಮೆ. ಅವರೆಯ ಕಾಲದಲ್ಲಿ ಹಿದುಕಿದ ಬೇಳೆ ಹಿರಿಯರಿಗೆ ಹೇಳಿ ಮಾಡಿಸಿದ್ದು.

ಗೊಬ್ಬರದಲ್ಲಿ ಸಾರಜನಕ, ರಂಜಕ, ಪೊಟ್ಯಾಷಿನ ಪ್ರಮಾಣ ನೋಡುವಂತೆ ಸಸ್ಯಾಹಾರದಲ್ಲಿಯೂ ಒಂದು ಪ್ರಮಾಣವನ್ನು ಅದೇ ಸಂಸ್ಥೆ ಸೂಚಿಸಿದೆ: ಧಾನ್ಯ 3 ಭಾಗ, ಕಾಳು-ಬೇಳೆ 1 ಭಾಗ, ಹಾಲು ಎರಡೂವರೆ ಭಾಗ. ಧಾನ್ಯದಲ್ಲಿ ಕೊರತೆಯಾದುದನ್ನು ಕಾಳೂ ಹಾಲೂ ತುಂಬಿಕೊಡುತ್ತವೆ.

3. ರಾಗಿ ಮತ್ತು ಅನ್ನ

ಕಾವೇರಿ, ಕಬಿನಿ ನಾಲೆಗಳ ನೀರು ಹರಿದಲ್ಲಿ ಗದ್ದೆ ಹೆಚ್ಚಿತು; ಬಿಳಿ ಅನ್ನವೂ ಹೆಚ್ಚಿತು. ಅನ್ನ ಕೆಟ್ಟದ್ದಲ್ಲ. ಆದರೆ 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಕ್ಯಾಲ್ಸಿಯಂ ಸುಮಾರು 10 ಮಿಲಿಗ್ರಾಂ ಮಾತ್ರ. ಅಷ್ಟೇ ರಾಗಿಯಲ್ಲಿ ಸುಮಾರು 350. ರಾಗಿಯಲ್ಲಿ ನಾರಿನ ಅಂಶವೂ ಹೆಚ್ಚಾದುದರಿಂದ ಇಳಿವಯಸ್ಸಿನ ಮಲಬದ್ಧತೆಗೆ ಒಳ್ಳೆಯದು. ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಹಲ್ಲಿಲ್ಲದವರಿಗೂ ತೊಡಕಿಲ್ಲ.

ರಾಗಿ ತಿಂದರೆ ಸಕ್ಕರೆ ಕಾಯಿಲೆ ಬರುವುದೇ ಇಲ್ಲ, ಎಷ್ಟು ತಿಂದರೂ ಸರಿ ಎಂಬುದು ಮಾತ್ರ ತಪ್ಪು. ಮುದ್ದೆಯೂ ಪಿಷ್ಟವೇ. ನುಣ್ಣನೆಯ ಹಿಟ್ಟಿನ ತೆಳು ಗಂಜಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಮಧುಮೇಹವಿರುವವರು ಚಿಕ್ಕ ಮುದ್ದೆಯನ್ನು ಕಾಳು-ಸೊಪ್ಪಿನ ಜೊತೆ ಉಣ್ಣಲಿ.

ಹಸಿವು ಕಡಿಮೆಯಾದವರಿಗೆ ಹುರಿಹಿಟ್ಟು ಅನುಕೂಲ. ಅರಳಿಸಿದ ರಾಗಿಯ ಹಿಟ್ಟು ಮೂರು ಪಾಲಿಗೆ ಹುರಿಗಡಲೆ ಹಿಟ್ಟು ಒಂದು ಪಾಲು ಬೆರೆಸಿಟ್ಟು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕಲಸಿಕೊಡಬಹುದು. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ ‘ವಿವಿಧೋದ್ದೇಶ ಆಹಾರ’ವನ್ನು ತಯಾರಿಸಿತ್ತು. ಅಗ್ಗದ ಪದಾರ್ಥಗಳನ್ನು ಬೆರೆಸಿ ಪುಷ್ಟಿ ಹೆಚ್ಚಿಸುವುದೇ ಅದರ ತತ್ವ. ಅದನ್ನು ನಮ್ಮ ಅಡುಗೆಮನೆಯಲ್ಲಿಯೂ ಪಾಲಿಸಬಹುದು.

4. ಒಂದು ದಿನದ ಮಾದರಿ

ಹೆಚ್ಚು ಶ್ರಮವಿಲ್ಲದ, 60 ದಾಟಿದ ಗಂಡಸಿಗೆ ಸುಮಾರು ಇಷ್ಟು:

ರಾಗಿ ಹಿಟ್ಟು 150 ಗ್ರಾಂ; ಅಕ್ಕಿ 100 ಗ್ರಾಂ; ಕಾಳು-ಬೇಳೆ 75 ಗ್ರಾಂ; ಹಾಲು, ಮೊಸರು ಸೇರಿ 400 ಮಿಲಿಲೀಟರು; ಕಡಲೆಕಾಯಿ ಬೀಜ 20 ಗ್ರಾಂ (ಹಲ್ಲಿಲ್ಲದಿದ್ದರೆ ಚಟ್ನಿಪುಡಿ); ನುಗ್ಗೆ, ದಂಟು ಮೊದಲಾದ ಸೊಪ್ಪು ಒಂದು ಹಿಡಿ; ಬೇರೆ ತರಕಾರಿ; ಒಂದು ಹಣ್ಣು; ಎಣ್ಣೆ ನಾಲ್ಕು ಟೀ ಚಮಚ.

ಕೂಡಿಸಿ ನೋಡಿದರೆ ಶಕ್ತಿ ಸುಮಾರು 1700 ಕ್ಯಾಲೊರಿ, ಸಸಾರಜನಕ ಸುಮಾರು 55 ಗ್ರಾಂ, ಕ್ಯಾಲ್ಸಿಯಂ ಸುಮಾರು 1200 ಮಿಲಿಗ್ರಾಂ ಆಗುತ್ತದೆ. ಹೆಂಗಸರಿಗಾದರೆ ರಾಗಿ, ಅಕ್ಕಿಯಲ್ಲಿ ಸ್ವಲ್ಪ ಇಳಿಸಿ. ಕಾಳು, ಹಾಲಿನಲ್ಲಿ ಇಳಿಸಬೇಡಿ. ಮೊಟ್ಟೆ, ಹೊಳೆ ಮೀನು ತಿನ್ನುವವರಿಗೆ ಲೆಕ್ಕ ಇನ್ನೂ ಸುಲಭ; ಒಂದು ಮೊಟ್ಟೆಯಿಂದ ಸುಮಾರು 6 ಗ್ರಾಂ ಸಸಾರಜನಕ ಬರುತ್ತದೆ. ಹಣ್ಣಿಗೆ ಪೇಟೆಯ ಸೇಬೇ ಆಗಬೇಕೆಂದಿಲ್ಲ; ಹಿತ್ತಲ ಪರಂಗಿ, ಸೀಬೆ, ನಂಜನಗೂಡಿನ ರಸಬಾಳೆ ಸಾಕು.

ಬಿ-12 ಎಂಬ ಜೀವಸತ್ವ ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿ ದೊರೆಯುವಂಥದು, ಸೊಪ್ಪು, ಕಾಳುಗಳಲ್ಲಿಲ್ಲ. ವಯಸ್ಸಾದಂತೆ ಜಠರದ ಆಮ್ಲ ತಗ್ಗಿ ಅದು ಮೈಗೆ ಹತ್ತುವುದೂ ಕಡಿಮೆ. ಕಾಲು ಜೋಮು, ಮರೆವು, ವಿಪರೀತ ಸುಸ್ತು ಕಂಡರೆ ‘ವಯಸ್ಸಿನ ದೋಷ’ ಎಂದು ಬಿಡದೆ ವೈದ್ಯರಿಂದ ರಕ್ತ ಪರೀಕ್ಷೆ ಮಾಡಿಸತಕ್ಕದ್ದು. ಮೂತ್ರಪಿಂಡದ ಕಾಯಿಲೆ ಇರುವವರು ಸಸಾರಜನಕವನ್ನು ವೈದ್ಯರು ಹೇಳಿದಷ್ಟೇ ತೆಗೆದುಕೊಳ್ಳಬೇಕು.

ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳವೂ ಈ ಲೆಕ್ಕದಲ್ಲಿಯೇ ಸೇರುತ್ತವೆ. ವಯಸ್ಸಾದವರಿಗೆ ಬಾಯಾರಿಕೆ ತಿಳಿಯುವುದು ಕಡಿಮೆ. ಆದುದರಿಂದ ಕೇಳುವವರೆಗೆ ಕಾಯದೆ ನೀರು, ಮಜ್ಜಿಗೆ ಕೊಡುತ್ತಿರಬೇಕು.

5. ನಾವು ಬೆಳೆಯುವ ಎರಡು ಬೆಳೆಗಳು

ಕಾಫಿ ಮತ್ತು ಅಡಕೆ ಬೆಳೆಗಾರರಾದ ನಾವು ಈ ಎರಡರ ವಿಷಯವನ್ನು ಮುಚ್ಚಿಡುವುದು ಸರಿಯಲ್ಲ.

ಕಾಫಿಯನ್ನು ಹಿತಮಿತವಾಗಿ ಕುಡಿಯಲು ಅಡ್ಡಿಯಿಲ್ಲ. ಕೆಫೀನು ದಿನಕ್ಕೆ 300 ಮಿಲಿಗ್ರಾಂ ಮೀರಬಾರದೆಂದು 2024ರ ರಾಷ್ಟ್ರೀಯ ಆಹಾರ ಮಾರ್ಗಸೂಚಿ ಹೇಳುತ್ತದೆ. 150 ಮಿಲಿಲೀಟರು ಸೋಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಇರುತ್ತದೆ. ದಿನಕ್ಕೆ ಎರಡು ಲೋಟ ಕುಡಿದರೆ ಭಯವಿಲ್ಲ. ಆದರೆ ಊಟದ ಹಿಂದೆ-ಮುಂದೆ ಒಂದು ಗಂಟೆ ಕಾಫಿ, ಟೀ ಬೇಡ. ಸೊಪ್ಪು-ಕಾಳಿನ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಅವು ತಡೆಯುತ್ತವೆ. ಊಟದ ಬದಲು ಕಾಫಿ ಎಂಬುದಂತೂ ಕೂಡದು.

ಅಡಕೆಯ ಮಾತು ಕಷ್ಟದ ಮಾತು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ನಿರ್ಣಯದಲ್ಲಿ, ಹೊಗೆಸೊಪ್ಪು ಸೇರದಿದ್ದರೂ ಅಡಕೆಯು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಇದರಿಂದ ನಮ್ಮ ಬೆಳೆಯ ಬೆಲೆಗೆ ಏನಾದೀತೆಂಬ ಆತಂಕ ಸಹಜ. ಆದರೆ ಬೆಲೆಯ ಚಿಂತೆ ಬೇರೆ, ಮನೆಯವರ ಬಾಯಿಯ ಚಿಂತೆ ಬೇರೆ. ಹಬ್ಬ-ಮದುವೆಯ ತಾಂಬೂಲದ ಗೌರವ ಉಳಿಯಲಿ. ದಿನವಿಡೀ ದವಡೆಯಲ್ಲಿ ಅಡಕೆ ಇಟ್ಟುಕೊಳ್ಳುವುದು ಬೇಡ. ಹಲ್ಲು ಹೋದ ಮೇಲೂ ಕುಟ್ಟಾಣಿಯಲ್ಲಿ ಕುಟ್ಟಿ ಹಾಕಿಕೊಳ್ಳುವ ಅಜ್ಜಿಯರಿಗೂ ಈ ಮಾತು ಸಲ್ಲುತ್ತದೆ. ‘ಎಲೆಯ ಸುಣ್ಣದಿಂದ ಕ್ಯಾಲ್ಸಿಯಂ ಸಿಗುತ್ತದಲ್ಲ?’ ಎಂದು ಕೇಳಬಹುದು. ಆ ಲಾಭಕ್ಕಾಗಿ ಈ ಅಪಾಯ ತಂದುಕೊಳ್ಳಬೇಕಾಗಿಲ್ಲ. ರಾಗಿ, ಹಾಲು, ನುಗ್ಗೆಸೊಪ್ಪು ಅದನ್ನು ಕೊಡುತ್ತವೆ. ಬಾಯಿ ಪೂರ್ತಿ ತೆರೆಯಲಾಗದಿದ್ದರೆ, ಖಾರ ತಾಗಿದೊಡನೆ ಉರಿದರೆ, ಹುಣ್ಣು ಎರಡು-ಮೂರು ವಾರದಲ್ಲಿ ಮಾಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

6. ಮೈಸೂರಿನಿಂದಲೇ ಬಂದ ಒಂದು ಪಾಠ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿ 1996ರಲ್ಲಿ ವರದಿ ಪ್ರಕಟಿಸಲಾಯಿತು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡುಬಂದಿತ್ತು. ಇಂದಿನ ನಮ್ಮ ಹಿರಿಯರಲ್ಲಿ ಅನೇಕರು ಅಂಥ ಬಡತನದ ಕಾಲದಲ್ಲಿಯೇ ಹುಟ್ಟಿದವರು. ಅವರಿಗೆ ಎಣ್ಣೆ, ಸಿಹಿ, ಉಪ್ಪು ಮಿತವಾಗಿರಬೇಕು. ಅಂತೆಯೇ ಮನೆಯ ಬಸುರಿಗೆ ಇಂದು ಉಣ್ಣಿಸುವುದು, ಹುಟ್ಟುವ ಮಗುವಿನ ಅರುವತ್ತನೆಯ ವಯಸ್ಸಿಗೂ ಸಲ್ಲುವುದೆಂಬುದನ್ನು ಮರೆಯಬಾರದು.

7. ಮನೆಯಲ್ಲಿ ಮಾಡತಕ್ಕ ಕೆಲಸ

(ಅ) ತಿಂಗಳಿಗೊಮ್ಮೆ ಹಿರಿಯರ ತೂಕ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅರುವತ್ತು ಕಿಲೋ ಇದ್ದವರು ಆರು ತಿಂಗಳಲ್ಲಿ ಮೂರು ಕಿಲೋ ಕಾರಣವಿಲ್ಲದೆ ಇಳಿದರೆ ವೈದ್ಯರನ್ನು ಕಾಣಬೇಕು.

(ಆ) ಎಲ್ಲರದೂ ಆದ ಮೇಲೆ ಉಳಿದದ್ದನ್ನು ಉಣ್ಣುವ, ರಾತ್ರಿ ‘ನನಗೆ ಬೇಡ’ ಎಂದು ಒಪ್ಪೊತ್ತು ಮಾಡುವ ಅಜ್ಜಿಯ ತಟ್ಟೆಯನ್ನು ಒಂದು ವಾರ ಗಮನಿಸಿ. ಎಷ್ಟು ಕಾಳು, ಎಷ್ಟು ಹಾಲು ಹೋಯಿತೆಂದು ಲೆಕ್ಕ ಹಾಕಿ.

(ಇ) ಬೆಳಗಿನ ಎಳೆಬಿಸಿಲಿನಲ್ಲಿ ತೋಟದವರೆಗೆ ನಡೆದುಬರಲಿ. ಕಾಲಿಗೆ ಕೆಲಸವಿಲ್ಲದಿದ್ದರೆ ತಿಂದ ಸಸಾರಜನಕ ಮಾಂಸಖಂಡಕ್ಕೆ ಹತ್ತುವುದಿಲ್ಲ.

(ಈ) ಒಂದು ಹೊತ್ತಾದರೂ ಹಿರಿಯರ ಜೊತೆ ಕುಳಿತು ಉಣ್ಣಿ. ಒಂಟಿಯಾಗಿ ಎರಡು ತುತ್ತಿಗೆ ಏಳುವವರು ಜೊತೆಗಿದ್ದರೆ ನಾಲ್ಕು ತುತ್ತು ಹೆಚ್ಚು ತಿನ್ನುತ್ತಾರೆ. ಈ ಪಾಠದಲ್ಲಿ ಹೇಳಿದ ಎಲ್ಲ ಲೆಕ್ಕವೂ ಆ ನಾಲ್ಕು ತುತ್ತಿನಲ್ಲಿಯೇ ಕೈಗೂಡಬೇಕಾದುದು.