ಮೀನಿನ ತೊಟ್ಟಿಯಲ್ಲಿ ಚೇಳಿನ ಸಂಸಾರ

ಪ್ರಶ್ನೆ: ನಾವು ಹನೂರು ಕಡೆಯವರು. ಮಗ ಕೊಳ್ಳೇಗಾಲದಲ್ಲಿ ಪಿಯುಸಿ ಓದುತ್ತಾನೆ. ಹಳೆಯ ಮೀನಿನ ತೊಟ್ಟಿಗೆ ಮಣ್ಣು ತುಂಬಿ ಚೇಳು ಸಾಕಿದ್ದಾನೆ. ಹೊಲದ ಬದುವಿನಲ್ಲಿ ಹಿಡಿದ ದೊಡ್ಡ ಕರಿಚೇಳುಗಳ ಜೊತೆ ಎರಡು ಸಣ್ಣ ಕೆಂಚೇಳೂ ಇವೆ. ‘ಇವು ಕೂಡಿ ಬಾಳೋ ಜಾತಿ ಕಣಮ್ಮ’ ಅನ್ನುತ್ತಾನೆ. ಮೊನ್ನೆ ನೋಡಿದರೆ ಒಂದರ ಬಾಲ ಮಾತ್ರ ಉಳಿದಿತ್ತು. ಅವರಪ್ಪ ‘ತೊಟ್ಟಿ ಸಮೇತ ಸುಟ್ಟಾಕ್ಬುಡ್ತೀನಿ’ ಅಂತ ಕೂಗಾಡಿದ ಮೇಲೆ ಮಗ ಮಾತೇ ಬಿಟ್ಟಿದ್ದಾನೆ. ಮನೆಯಲ್ಲಿ ಮೈದುನನ ನಾಲ್ಕು ವರ್ಷದ ಮಗುವಿದೆ. ಏನು ಮಾಡಲಿ?
— ಹೆಸರು ಬೇಡ

ಉತ್ತರ: ಅಮ್ಮಾ, ಮೊದಲು ಕೆಂಚೇಳಿನ ಮಾತು, ಉಳಿದದ್ದೆಲ್ಲ ಆಮೇಲೆ. ಅವೆರಡೂ ಇವತ್ತೇ ಮನೆಯಿಂದ ಹೊರಗೆ ಹೋಗಬೇಕು. ಕರಿಚೇಳು ನೋಡಲು ಭಯಂಕರ, ಆದರೆ ಅದರ ಕುಟುಕು ಸಾಮಾನ್ಯವಾಗಿ ನೋವು, ಊತದಲ್ಲಿ ಮುಗಿಯುತ್ತದೆ. ಕೆಂಚೇಳಿನ ಇಕ್ಕಳ ತೆಳು, ಮೈ ಪುಟ್ಟದು; ವಿಷ ಮಾತ್ರ ಹೃದಯ, ಶ್ವಾಸಕೋಶಕ್ಕೇ ಪೆಟ್ಟು ಕೊಡುತ್ತದೆ. ಚಿಕ್ಕ ಮಕ್ಕಳ ಜೀವ ಹೋದದ್ದುಂಟು. ಗಾಜಿನ ಗೋಡೆ ಹತ್ತಲಾರವು ಎಂಬ ಧೈರ್ಯ ಬೇಡ. ತೊಟ್ಟಿಯ ಮೂಲೆಯಲ್ಲಿ ಗಾಜು ಅಂಟಿಸಿದ ಸಿಲಿಕೋನ್ ಗೆರೆಯಿರುತ್ತದಲ್ಲ, ಅದನ್ನು ಹಿಡಿದು ಮೇಲೆ ಬರುತ್ತವೆ.

ಇನ್ನು ಮಗನ ವಾದ. ಹುಡುಗ ಎಲ್ಲಿಂದಲೋ ಸರಿಯಾದದ್ದನ್ನೇ ತಿಳಿದುಕೊಂಡಿದ್ದಾನೆ, ಅರ್ಧ ಮಾತ್ರ. ಹಿಂದೆ ಹೆಟೆರೋಮೆಟ್ರಸ್ ಫಲ್ವಿಪೆಸ್ ಎನ್ನುತ್ತಿದ್ದ ದಕ್ಷಿಣ ಭಾರತದ ಕರಿಚೇಳಿನ ಬಗ್ಗೆ ಟಿ. ಶಿವಶಂಕರ್ 1994ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ತಾಯಿ, ಮರಿಗಳು ಒಂದೇ ಬಿಲದಲ್ಲಿ ಬಹುಕಾಲ ಒಟ್ಟಿಗಿದ್ದು ಬೇಟೆ ಹಂಚಿಕೊಳ್ಳುತ್ತವೆ. ಚೇಳಿನ ಲೋಕದಲ್ಲಿ ಇದು ಅಪರೂಪ. ಹೆಚ್ಚಿನ ಚೇಳುಗಳ ಮರಿಗಳು ತಾಯಿಯ ಬೆನ್ನೇರಿ ಕೂತು, ಮೊದಲ ಪೊರೆ ಬಿಟ್ಟ ಸ್ವಲ್ಪ ದಿನಕ್ಕೆ ತಮ್ಮ ದಾರಿ ಹಿಡಿಯುತ್ತವೆ. ಆಮೇಲೆ ಒಂದನ್ನೊಂದು ಕಂಡರೆ ಊಟ, ಅಷ್ಟೇ.

ಆದರೆ ಶಿವಶಂಕರ್ ಕಂಡದ್ದು ಒಂದೇ ಬಸಿರಿನ ಕುಟುಂಬ, ತಾವೇ ತೋಡಿದ ಬಿಲ. ನಿಮ್ಮ ಮಗನ ತೊಟ್ಟಿಯಲ್ಲಿರುವವು ಬೇರೆ ಬೇರೆ ಬದುವಿನಿಂದ ಬಂದ ಅಪರಿಚಿತರು, ಗಾತ್ರವೂ ಬೇರೆ, ಜಾತಿಯೂ ಬೇರೆ. ಕರಿಚೇಳು, ಕೆಂಚೇಳನ್ನು ಒಂದೇ ತೊಟ್ಟಿಗೆ ಹಾಕುವುದಂತೂ ಯಾವ ಲೆಕ್ಕದಲ್ಲೂ ಸರಿಯಲ್ಲ. ಇನ್ನೊಂದು ವಿಷಯ: ಚೇಳು ಬೆಳೆಯಬೇಕಾದರೆ ಹಲವು ಸಲ ಪೊರೆ ಬಿಡಬೇಕು. ಬಿಟ್ಟ ಹೊಸತರಲ್ಲಿ ಮೈ ಮೆತ್ತಗೆ, ಇಕ್ಕಳ ಎತ್ತುವ ಶಕ್ತಿಯಿಲ್ಲ, ಕುಟುಕಲೂ ಆಗದು. ಬಿಲದೊಳಗಾದರೆ ಅಡಗಿಕೊಂಡಿರುತ್ತದೆ, ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ನೀವು ಕಂಡ ಬಾಲದ ಕಥೆ ಹೀಗೇ ನಡೆದಿರಬಹುದು. ಕೂಡಿ ಬಾಳುತ್ತದೆಂದು ಹೆಸರಾದ ಆಫ್ರಿಕಾದ ಎಂಪರರ್ ಚೇಳನ್ನು ಗುಂಪಾಗಿ ಸಾಕುವವರಿಗೂ ಈ ಅನುಭವ ಹೊಸದಲ್ಲ. (ಮಗನಿಗೆ ಮುಂದೆ ಅದನ್ನು ತರಿಸುವ ಆಸೆ ಹುಟ್ಟಿದರೆ, 2024ರ ನಿಯಮದ ಪ್ರಕಾರ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕೆಂಬುದೂ ತಿಳಿದಿರಲಿ. ಬಿಳಿಗಿರಿರಂಗನಬೆಟ್ಟ, ಮಲೆಮಹದೇಶ್ವರ ಬೆಟ್ಟದ ಅಭಯಾರಣ್ಯದಿಂದ ಅನುಮತಿಯಿಲ್ಲದೆ ಯಾವ ವನ್ಯಜೀವಿಯನ್ನೂ ತರುವಂತಿಲ್ಲ.)

ಯಜಮಾನರಿಗೆ ಒಂದು ಮಾತು ಹೇಳಿ. ಸುಟ್ಟುಹಾಕಿದರೆ ತೊಟ್ಟಿ ಹೋಗುತ್ತದೆ, ಹುಡುಗನ ಹಟ ಉಳಿಯುತ್ತದೆ. ಮುಂದಿನ ಸಲ ನಿಮಗೆ ಗೊತ್ತಾಗದ ಕಡೆ ಸಾಕುತ್ತಾನೆ. ಅದು ಇದಕ್ಕಿಂತ ಅಪಾಯ. ಮಗನ ಹತ್ತಿರ ಬಾಲದಿಂದಲೇ ಮಾತು ಶುರು ಮಾಡಿ: ‘ಯಾವುದು ಯಾವುದನ್ನ ತಿಂತಪ್ಪ, ಯಾಕೆ?’ ಬೈಗುಳಕ್ಕೆ ಬಾಯಿ ಮುಚ್ಚಿದವನು ಇದಕ್ಕೆ ಬಾಯಿ ಬಿಡುತ್ತಾನೆ. ಅವನಿಗೆ ಉತ್ತರ ಗೊತ್ತಿದೆ ಎಂದೇ ನನ್ನ ಅನುಮಾನ.

ಚೇಳುಗಳೆಲ್ಲ ಹಿಡಿದ ಜಾಗಕ್ಕೇ ವಾಪಸ್ ಹೋಗಲಿ, ಉದ್ದ ಇಕ್ಕಳದಲ್ಲಿ ಎತ್ತಿ, ಒಂದೊಂದು ಮುಚ್ಚಳದ ಡಬ್ಬಿಗೆ ಒಂದೊಂದು. ಕೆಂಚೇಳನ್ನು ಮಾತ್ರ ಮನೆಗಳಿಂದ ದೂರ, ಕಲ್ಲುಗುಡ್ಡೆಯ ಕಡೆ ಬಿಡಿ. ಹಿಡಿದು ಸಾಕುವ ಬದಲು ನೋಡುವುದಕ್ಕೆ ಒಂದು ಯುವಿ ಟಾರ್ಚ್ ಕೊಡಿಸಿ, ನೋಟು ಪರೀಕ್ಷೆಗೆ ಬಳಸುತ್ತಾರಲ್ಲ, ಆ ಬಗೆಯದು. ಕತ್ತಲಲ್ಲಿ ಅದರ ಬೆಳಕು ಬಿದ್ದರೆ ಚೇಳು ಹಸಿರು ನೀಲಿಯಾಗಿ ಹೊಳೆಯುತ್ತದೆ. ಈಗಷ್ಟೇ ಪೊರೆ ಬಿಟ್ಟದ್ದು ಹೊಳೆಯುವುದಿಲ್ಲ. ಇದನ್ನು ಅವನೇ ಕಂಡುಕೊಳ್ಳಲಿ. ನಿಮ್ಮ ಹೊಲದಲ್ಲೇ, ಬೂಟು ಹಾಕಿಕೊಂಡು, ಅಪ್ಪನ ಜೊತೆ. ಕಾಡಂಚಿಗೆ ರಾತ್ರಿ ಬೇಡ, ಆನೆ ಓಡಾಡುವ ಸೀಮೆ.

ಅಕಸ್ಮಾತ್ ಯಾರಿಗಾದರೂ ಕುಟುಕಿದರೆ ಬಿಗಿದು ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುತ್ತ ಹೊತ್ತು ಕಳೆಯುವುದು ಬೇಡ. ಮಗುವಿಗಾದರೆ ಯಾವ ಲಕ್ಷಣಕ್ಕೂ ಕಾಯದೆ ಕೊಳ್ಳೇಗಾಲದ ಆಸ್ಪತ್ರೆಗೆ ಓಡಿ; ಧಾರಾಳ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಅಪಾಯದ ಗುರುತು. ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತರಾವ್ ಬಾವಸ್ಕರ್ ಕೆಂಚೇಳು ಕುಟುಕಿಗೆ ಪ್ರಾಜೋಸಿನ್ ಎಂಬ ರಕ್ತದೊತ್ತಡದ ಮಾತ್ರೆ ಕೊಟ್ಟು ಸಾವಿನ ಪ್ರಮಾಣ ಬಹಳ ಇಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಆ ಮಾತ್ರೆ ವೈದ್ಯರ ಕೈಯಲ್ಲೇ ಇರಬೇಕು, ಮನೆಯಲ್ಲಿ ತಂದಿಡುವಂಥದ್ದಲ್ಲ. ಆಸ್ಪತ್ರೆಯಲ್ಲಿ ಚೇಳಿನ ಬಣ್ಣ, ಕುಟುಕಿದ ಹೊತ್ತು ಹೇಳುವವರು ಬೇಕು. ನಿಮ್ಮ ಮನೆಯಲ್ಲಿ ಅದಕ್ಕೆ ಮಗನೇ ಸರಿ, ಅವನನ್ನೂ ಜೊತೆಗೆ ಕರೆದುಕೊಂಡು ಹೋಗಿ.