ಕೈ ಓಡಲಿ, ಕಣ್ಣು ನಿಲ್ಲಲಿ

ಪುಟ್ಟಾ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದ ರೈಲು ದಾರಿಯನ್ನು ಟ್ರೇನ್ಜ್ ಎಂಬ ರೈಲು ಸಿಮ್ಯುಲೇಟರ್‌ನಲ್ಲಿ ಕಟ್ಟಲು ಕೂತಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಒಳ್ಳೆಯ ಹುಚ್ಚೇ ಹಿಡಿದಿದೆ. ಸುಮಾರು 55 ಕಿಲೋಮೀಟರ್ ದಾರಿ, 57 ಸುರಂಗ, 50 ಮೀಟರಿಗೆ 1 ಮೀಟರ್ ಏರು, ಎಲ್ಲಿ ನೋಡಿದರೂ ಸೇತುವೆ, ಹಳ್ಳ, ಕಾಡು. ಒಂದೊಂದು ಮರಕ್ಕೂ ಮೆನು ತೆರೆದು ಮೌಸ್ ಓಡಿಸುತ್ತ ಹೋದರೆ ದೋಣಿಗಲ್ ನಿಲ್ದಾಣ ದಾಟುವಷ್ಟರಲ್ಲಿ ನಿನಗೆ ಸಾಕಾಗಿ ಹೋಗುತ್ತದೆ. ಅದಕ್ಕೇ ಕೀಬೋರ್ಡ್ ಶಾರ್ಟ್‌ಕಟ್ಟುಗಳ ವಿಷಯದಲ್ಲಿ ಈ ಮಾವನ ನಾಲ್ಕು ಮಾತು ಕೇಳು.

ಶಾರ್ಟ್‌ಕಟ್ ಇರುವುದು ಬೇಗ ಮುಗಿಸಲು ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿದರೆ ಒಂದು ಸಲಕ್ಕೆ ಉಳಿಯುವುದು ಒಂದೆರಡು ಸೆಕೆಂಡು, ಅಷ್ಟೇ. ದೊಡ್ಡ ಲಾಭ ಬೇರೆ ಕಡೆ ಇದೆ. ಪರದೆಯ ಅಂಚಿನಲ್ಲಿ ಬಟನ್ ಹುಡುಕಲು ಹೋದಾಗಲೆಲ್ಲ ಕಣ್ಣು ಹಳಿಯನ್ನು ಬಿಟ್ಟುಹೋಗುತ್ತದೆ. ತಿರುವು ಎಲ್ಲಿ ಬಿಗಿಯಾಗಿ ಕಂಡಿತು, ಬಂಡೆ ಹಳಿಗೆ ಎಷ್ಟು ಹತ್ತಿರ ಬಂತು ಎಂಬುದು ವಾಪಸು ಬರುವಷ್ಟರಲ್ಲಿ ಮರೆತಿರುತ್ತದೆ. ಹಾರ್ಮೋನಿಯಂ ನುಡಿಸುವವರು ಸ್ವರದ ಮನೆ ಹುಡುಕುತ್ತ ಕೂತರೆ ರಾಗ ಉಳಿಯುತ್ತದೆಯೇ? ಇದೂ ಹಾಗೆಯೇ. ಕೈ ತನ್ನ ಕೆಲಸ ತಾನು ಮಾಡಿಕೊಂಡರೆ ಕಣ್ಣು ನೆಲದ ಮೇಲೆ ನಿಲ್ಲುತ್ತದೆ.

ಹಾಗಂತ ಇರುವ ಕೀಗಳನ್ನೆಲ್ಲ ಒಂದೇ ಸಲ ಉರು ಹೊಡೆಯಬೇಡ. ಸಂಜೆ ಕೆಲಸ ಮಾಡುವಾಗ ಯಾವ ಬಟನ್ ಹತ್ತಿರಕ್ಕೆ ಮೌಸ್ ಮತ್ತೆ ಮತ್ತೆ ಹೋಗುತ್ತಿದೆ ಅಂತ ಗಮನಿಸು. ಆ ಒಂದರ ಕೀ ಕಲಿ. ಅದು ಬೆರಳಿಗೆ ಕೂತ ಮೇಲೆ ಇನ್ನೊಂದು. ಬಲಗೈ ಮೌಸ್ ಮೇಲೆ, ಎಡಗೈ ಕೀಬೋರ್ಡ್ ಮೇಲೆ ಇರಲಿ. ಎರಡೂ ಕೈ ಅತ್ತಿತ್ತ ಅಲೆದಾಡದೆ ಇದ್ದರೆ ಮಣಿಕಟ್ಟು ನೋಯುವುದೂ ಕಡಿಮೆ.

ಟ್ರೇನ್ಜ್‌ನಲ್ಲಿ ದಾರಿ ಕಟ್ಟುವ ಎಡಿಟರ್‌ನ ಹೆಸರು ಸರ್ವೇಯರ್. ಹಳೆಯ ಸರ್ವೇಯರ್‌ನಲ್ಲಿ ಮೊದಲು ಕಲಿಯಬೇಕಾದದ್ದು ನಾಲ್ಕು ಕೀ. ಎಫ್ 1 ಒತ್ತಿದರೆ ನೆಲದ ಏರಿಳಿತ, ಎಫ್ 2 ಒತ್ತಿದರೆ ನೆಲಕ್ಕೆ ಬಣ್ಣ, ಎಫ್ 3ರಲ್ಲಿ ಮರ, ಮನೆ, ಬಂಡೆ, ಎಫ್ 4ರಲ್ಲಿ ಹಳಿ. ಘಟ್ಟದ ಕೆಲಸ ಈ ನಾಲ್ಕರ ನಡುವೆಯೇ ಸುತ್ತುತ್ತದೆ: ಹಳಿ ಎಳೆ, ಗುಡ್ಡ ಕಡಿ, ಮಣ್ಣು ಬಳಿ, ಕಾಡು ನೆಡು. ಎಫ್ 3ರ ಒಳಗೆ ಎ ಸೇರಿಸಲು, ಎಂ ಸರಿಸಲು, ಆರ್ ತಿರುಗಿಸಲು, ಎಚ್ ಎತ್ತರಕ್ಕೆ, ಡಿ ಅಳಿಸಲು. ಇವುಗಳಿಗಿಂತ ಉಪಯೋಗದ್ದು ಜಿ. ಈಗಾಗಲೇ ನೆಟ್ಟ ಮರದ ಮೇಲೆ ಅದನ್ನು ಬಳಸಿದರೆ ಅದೇ ಜಾತಿಯ ಮರ ಕೈಗೆ ಬರುತ್ತದೆ, ಉದ್ದನೆಯ ಪಟ್ಟಿಯಲ್ಲಿ ಹೆಸರು ಹುಡುಕುವ ಗೋಜೇ ಇಲ್ಲ. ಹೊಸ ಸರ್ವೇಯರ್ 2.0 ಹಿಡಿದಿದ್ದರೆ ಪರದೆಯ ಜೋಡಣೆಯೇ ಬೇರೆ. ಅಲ್ಲಿನ ಕೀಗಳನ್ನು ಅಲ್ಲಿಯೇ ನೋಡಿಕೊಂಡು ಕಲಿ.

ಬಣ್ಣ ಬಳಿಯುವಾಗ ಚೌಕ ಆವರಣದ ಎರಡು ಕೀಗಳಲ್ಲಿ ಒಂದನ್ನು ಒತ್ತಿ ಹಿಡಿದುಕೋ. ಕುಂಚ ಓಡಿದಂತೆ ನೆಲದ ಚಿತ್ರ ತಿರುಗುತ್ತ ಬೀಳುತ್ತದೆ. ಹಾಗೆ ಮಾಡದಿದ್ದರೆ ಅದೇ ಹುಲ್ಲು, ಅದೇ ಕಲ್ಲು ಸಾಲುಸಾಲಾಗಿ ಕೂತು, ಗುಡ್ಡಕ್ಕೆ ಟೈಲ್ಸ್ ಹಾಕಿದ ಹಾಗೆ ಕಾಣುತ್ತದೆ. ಇಡೀ ಎಡಿಟರ್‌ನಲ್ಲಿ ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಫಲ ಕೊಡುವ ಕೀ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಕಂಟ್ರೋಲ್ ಎಂ ಒತ್ತಿದರೆ ಮೇಲಿನಿಂದ ನೋಡುವ ನಕ್ಷೆ ತೆರೆಯುತ್ತದೆ. ಟ್ರೇನ್ಜ್‌ನ ಒಂದು ಬೇಸ್‌ಬೋರ್ಡ್, ಅಂದರೆ ನೆಲದ ಒಂದು ತುಂಡು, 720 ಮೀಟರ್ ಚೌಕ. ನಿನ್ನ 55 ಕಿಲೋಮೀಟರನ್ನು ಉದ್ದಕ್ಕೆ ಲೆಕ್ಕ ಹಾಕಿದರೇ 76 ದಾಟುತ್ತದೆ, ಎರಡು ಬದಿಯ ಗುಡ್ಡ ಬೇರೆ. ಎಡಕುಮೇರಿ ನಿಲ್ದಾಣದಿಂದ ಸಿರಿಬಾಗಿಲಿಗೆ ಬಾಣದ ಕೀ ಒತ್ತುತ್ತ ಹೋಗುವುದು ನಡೆದುಕೊಂಡು ಹೋದಂತೆಯೇ. ನಕ್ಷೆ ತೆರೆದು ನೆಗೆದುಬಿಡು.

ಇನ್ನು ಎಚ್ಚರಿಕೆಯ ಮಾತು. ಕಟ್, ಕಾಪಿ, ಪೇಸ್ಟ್ ಪದ್ಧತಿಯನ್ನು ರೂಪಿಸಿದ ಲ್ಯಾರಿ ಟೆಸ್ಲರ್ ಎಂಬ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಇದ್ದರು, 2020ರಲ್ಲಿ ತೀರಿಕೊಂಡರು. ಒಂದೇ ಕೀ ಒಂದೊಂದು ಹೊತ್ತಿಗೆ ಒಂದೊಂದು ಅರ್ಥ ಕೊಡುವ ವ್ಯವಸ್ಥೆ, ಅಂದರೆ ‘ಮೋಡ್’, ಅವರಿಗೆ ಸುತರಾಂ ಆಗುತ್ತಿರಲಿಲ್ಲ. ತಮ್ಮ ಕಾರಿನ ನಂಬರ್ ಪ್ಲೇಟ್ ಮೇಲೂ ‘ನೋ ಮೋಡ್ಸ್’ ಅಂತ ಬರೆಸಿಕೊಂಡಿದ್ದರು. ಅವರ ಕೋಪಕ್ಕೆ ಕಾರಣವಿತ್ತು. ಯಾವ ಮೋಡ್‌ನಲ್ಲಿದ್ದೇವೆ ಎಂಬುದನ್ನು ಮನುಷ್ಯ ಬೇಗ ಮರೆಯುತ್ತಾನೆ. ನಮ್ಮ ರೂಟ್ ಎಡಿಟರ್ ನಿಂತಿರುವುದೇ ಮೋಡ್‌ಗಳ ಮೇಲೆ. ಮರ ಅಳಿಸುತ್ತಿದ್ದೇನೆ ಅಂದುಕೊಂಡು ಹಳಿಯ ವಿಭಾಗದಲ್ಲಿ ಕೂತಿದ್ದರೆ ಹೋಗುವುದು ಮರವಲ್ಲ. ಅದಕ್ಕೇ ಏನನ್ನಾದರೂ ಅಳಿಸುವ ಮುಂಚೆ ಬೇಕಾದ ವಿಭಾಗದ ಎಫ್ ಕೀ ಇನ್ನೊಮ್ಮೆ ಒತ್ತಿಬಿಡು. ಅಲ್ಲಿಯೇ ಇದ್ದರೆ ನಷ್ಟವೇನಿಲ್ಲ, ಇಲ್ಲದಿದ್ದರೆ ಹಳಿ ಉಳಿಯುತ್ತದೆ.

ಕಂಟ್ರೋಲ್ ಜೆಡ್ ಇದೆಯಲ್ಲ ಅಂತ ಧೈರ್ಯ ಮಾಡಬೇಡ. ಅದು ಆ ಹೊತ್ತಿನ ಕೆಲಸವನ್ನು ಹಿಂದಕ್ಕೆ ತರುತ್ತದೆ; ಎಡಿಟರ್ ಮುಚ್ಚಿ ಮರುದಿನ ತೆರೆದರೆ ನಿನ್ನೆಯದು ಅದಕ್ಕೆ ನೆನಪಿರುವುದಿಲ್ಲ. ಸೇವ್ ಮಾಡುವ ಕೀ ಯಾವುದು ಅಂತ ಮೊದಲ ದಿನವೇ ನೋಡಿಕೋ. ನಾಳೆ ಟ್ರೇನ್ ಸಿಮ್ಯುಲೇಟರ್ ಕ್ಲಾಸಿಕ್‌ಗೆ ಹೋದೆ ಅನ್ನು, ಅಲ್ಲಿ ಕಂಟ್ರೋಲ್ ಇ ಒತ್ತಿದರೆ ಎಡಿಟರ್, ಎಫ್ 2 ಒತ್ತಿದರೆ ಸೇವ್. ಗಮನಿಸು, ಟ್ರೇನ್ಜ್‌ನಲ್ಲಿ ಬಣ್ಣಕ್ಕೆ ಕರೆದೊಯ್ಯುವ ಅದೇ ಎಫ್ 2 ಅಲ್ಲಿ ಉಳಿಸುವ ಕೀ. ಒಂದು ಮನೆಯ ಅಭ್ಯಾಸ ಇನ್ನೊಂದು ಮನೆಗೆ ಒಗ್ಗುವುದಿಲ್ಲ. ಇದಲ್ಲದೆ ವಾರಕ್ಕೊಮ್ಮೆ ನಿನ್ನ ಟ್ರೇನ್ಜ್ ರೂಟನ್ನು ಸಿಡಿಪಿ ಫೈಲಾಗಿ ಹೊರತೆಗೆದು, ತಾರೀಖು ಬರೆದು, ಬೇರೆ ಡಿಸ್ಕ್‌ನಲ್ಲಿ ಇಡು. ಸೇವ್ ಒತ್ತಿದ್ದರಿಂದ ತಪ್ಪೂ ಸೇವ್ ಆಗಿರುತ್ತದೆ, ನೆನಪಿಡು.

ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಮೂರು ತೊಡಕುಂಟು. ಎಫ್ 1, ಎಫ್ 2 ಒತ್ತಿದರೆ ಸದ್ದು ಏರಿಳಿಯುವುದೋ ಪರದೆಯ ಬೆಳಕು ಬದಲಾಗುವುದೋ ಆದರೆ ಎಫ್ಎನ್ ಕೀ ಜೊತೆ ಒತ್ತಬೇಕು. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದರೆ ಅದು ಕಾಯಂ ಆಗುತ್ತದೆ. ಶಿಫ್ಟನ್ನು ಸತತ ಐದು ಸಲ ಒತ್ತಿದರೆ ವಿಂಡೋಸ್ ‘ಸ್ಟಿಕ್ಕಿ ಕೀಸ್’ ಬೇಕೇ ಅಂತ ಕೇಳುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಅದನ್ನು ಮುಚ್ಚಿಡು. ಮೂರನೆಯದು ನಮ್ಮಂಥವರಿಗೆ ಮಾತ್ರ ಬರುವ ತೊಡಕು. ನಿಲ್ದಾಣದ ಫಲಕಕ್ಕೆ ಕನ್ನಡದಲ್ಲಿ ಹೆಸರು ಟೈಪ್ ಮಾಡಿ ಎಡಿಟರ್‌ಗೆ ವಾಪಸು ಬಂದರೆ ಅಕ್ಷರದ ಶಾರ್ಟ್‌ಕಟ್‌ಗಳು ಕೆಲಸ ಮಾಡದೇ ಇರಬಹುದು. ಎಡಿಟರ್ ಕೆಟ್ಟಿಲ್ಲ, ಕೀಬೋರ್ಡ್ ಇನ್ನೂ ಕನ್ನಡದಲ್ಲೇ ಇದೆ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬದಲಿಸು.

ಕಟ್ಟಡಗಳನ್ನು ನೀನೇ ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಮಾಡುವ ದಿನ ಬರುತ್ತದೆ. ಅಲ್ಲಿ ಜಿ ಸರಿಸಲು, ಆರ್ ತಿರುಗಿಸಲು, ಎಸ್ ಗಾತ್ರಕ್ಕೆ. ಆರ್, ಜೆಡ್, 90 ಅಂತ ಒಂದರ ಹಿಂದೊಂದು ಒತ್ತಿ ಎಂಟರ್ ಕೊಟ್ಟರೆ ಕಟ್ಟಡ ಸರಿಯಾಗಿ ಕಾಲು ಸುತ್ತು ತಿರುಗುತ್ತದೆ, ಮೌಸ್‌ನ ಅಂದಾಜು ಬೇಕಿಲ್ಲ. ನಕಲು ಮಾಡಲು ಎರಡು ದಾರಿ. ಶಿಫ್ಟ್ ಡಿ ಕೊಟ್ಟರೆ ನಕಲು ಸ್ವತಂತ್ರ. ಆಲ್ಟ್ ಡಿ ಕೊಟ್ಟರೆ ಆಕಾರ ಎಲ್ಲಕ್ಕೂ ಒಂದೇ, ಒಂದರ ಕಿಟಕಿ ತಿದ್ದಿದರೆ ಎಲ್ಲದರ ಕಿಟಕಿಯೂ ತಿದ್ದಿಹೋಗುತ್ತದೆ. ಒಂದೇ ಅಚ್ಚಿನ ರೈಲ್ವೆ ಕ್ವಾರ್ಟರ್ಸ್ ಸಾಲಿಗೆ ಎರಡನೆಯದು, ಒಂದರ ಹಾಗೆ ಇನ್ನೊಂದಿಲ್ಲದ ಊರ ಮನೆಗಳಿಗೆ ಮೊದಲನೆಯದು.

ಈಗ ಶಾರ್ಟ್‌ಕಟ್‌ಗೆ ಆಗದ ಕೆಲಸಗಳನ್ನೂ ಹೇಳಿಬಿಡುತ್ತೇನೆ. 50ಕ್ಕೆ 1 ಅಂದರೆ ಶೇಕಡಾ 2, ಅಂದರೆ ಕಿಲೋಮೀಟರಿಗೆ 20 ಮೀಟರ್ ಏರು. ಟ್ರೇನ್ಜ್ ಏರನ್ನು ಕೇಳುವುದು ಶೇಕಡಾ ಲೆಕ್ಕದಲ್ಲಿ. ಹಳಿ ಎಳೆಯುವ ಮುಂಚೆ ಒಂದೊಂದು ನಿಲ್ದಾಣದ ಎತ್ತರ, ನಡುವಿನ ದೂರ ಕಾಗದದ ಮೇಲೆ ಬರೆದು ಭಾಗಿಸಿ ನೋಡು. ಹಳೆಯ ಬೋರ್ಡಿನ ನೆಲದ ಜಾಲರಿ ಮಾಮೂಲಾಗಿ 10 ಮೀಟರ್, ಬೇಕಾದರೆ 5 ಮೀಟರ್. ಬಂಡೆ ಸೀಳಿ ಮಾಡಿದ ಇಕ್ಕಟ್ಟಿನ ದಾರಿಯನ್ನು 10 ಮೀಟರ್ ಜಾಲರಿಯಲ್ಲಿ ಯಾವ ಕೀ ಒತ್ತಿದರೂ ಮೂಡಿಸಲಾಗದು. ಘಟ್ಟಕ್ಕೆ 5 ಮೀಟರನ್ನೇ ಆರಿಸು. ಕಾಪಿ ಕೀ ಇದೆ ಅಂತ 57 ಸುರಂಗಕ್ಕೂ ಒಂದೇ ಬಾಯಿ ಅಂಟಿಸಬೇಡ. ಸುರಂಗದ ಬಾಯಿ ಸುತ್ತಲಿನ ಬಂಡೆಗೆ, ತಿರುವಿಗೆ ಹೊಂದಿಕೊಂಡು ಕೂರಬೇಕು. ಅದನ್ನು ಒಂದೊಂದಾಗಿ ನೋಡಿಯೇ ಮಾಡಬೇಕು.

ನೋಡುವುದು ಅಂದರೆ ಹಳಿ ಮೇಲೆ ನಡೆಯುವುದಲ್ಲ. ಅಲ್ಲಿ ಚಾರಣಕ್ಕೆ ನಿಷೇಧವಿದೆ, ಕಾರಣವೂ ಸರಿಯಾಗಿದೆ. ಹಗಲು ರೈಲಿನಲ್ಲಿ ಕಿಟಕಿ ಬದಿಯ ಸೀಟು ಹಿಡಿ, ವಿಸ್ಟಾಡೋಮ್ ಬೋಗಿಯಲ್ಲಾದರೆ ಇನ್ನೂ ಒಳ್ಳೆಯದು. ಯಾವ ಸೇತುವೆ ಆದ ಮೇಲೆ ಯಾವ ಸುರಂಗ, ಯಾವ ಬದಿಗೆ ಗುಡ್ಡ, ಯಾವ ಬದಿಗೆ ಕಣಿವೆ ಅಂತ ಒಂದು ಪುಸ್ತಕದಲ್ಲಿ ಗೀಚಿಕೋ. ಕೀಬೋರ್ಡ್ ಉಳಿಸಿಕೊಟ್ಟ ಹೊತ್ತನ್ನು ಖರ್ಚು ಮಾಡಬೇಕಾದದ್ದು ಇಲ್ಲಿ. ಈ ವಾರ ನಾಲ್ಕು ಎಫ್ ಕೀ, ಜಿ, ಚೌಕ ಆವರಣ, ಸೇವ್, ಇಷ್ಟನ್ನು ಕಲಿ. ಸಕಲೇಶಪುರದಿಂದ ಮೊದಲ ಸುರಂಗದವರೆಗೆ ಕಟ್ಟಿ ಮುಗಿಸಿ ಫೋನ್ ಮಾಡು. ಏರಿನ ಲೆಕ್ಕ ಬರೆದ ಕಾಗದವನ್ನೂ ಎದುರಿಗೆ ಇಟ್ಟುಕೊಂಡಿರು, ನಾನು ಮೊದಲು ಕೇಳುವುದು ಅದನ್ನೇ.