ಪಾಸ್ಟರು ಬಾರದ ಭಾನುವಾರ

ಅಕ್ಕಪಕ್ಕದ ಮೂರೂರಿನ ಸಭೆಗಳನ್ನು ಸೇರಿಸಿ ಒಬ್ಬರೇ ಸಭಾಪಾಲಕರ ಕೈಗೆ ಕೊಡುವ ಮಾತು ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಮೊದಲು ಏಳುವುದು ಎರಡು ಪ್ರಶ್ನೆ. ಪಾಸ್ಟರ ಮನೆ ಯಾವ ಊರಲ್ಲಿ? ಬೆಳಗಿನ ಆರಾಧನೆ ಯಾರಿಗೆ, ಹೊತ್ತೇರಿದ ಮೇಲಿನದು ಯಾರಿಗೆ? ಇವೆರಡನ್ನೇ ಹಿಡಿದು ಹಿರಿಯರು ಕಮಿಟಿಯಲ್ಲಿ ತಿಂಗಳುಗಟ್ಟಲೆ ಜಗ್ಗಾಡುವುದನ್ನು ನೀವೂ ನೋಡಿರುತ್ತೀರಿ. ಮಕ್ಕಳೇ, ಯುವಜನ ಕೂಟದ ಹುಡುಗರೇ, ಹುಡುಗಿಯರೇ, ಆ ಜಗ್ಗಾಟಕ್ಕೆ ನೀವು ಕೈ ಹಾಕಬೇಡಿ. ನೀವು ಎದ್ದು ನಿಂತು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಪಾಸ್ಟರು ಪಕ್ಕದ ಊರಲ್ಲಿರುವ ಭಾನುವಾರ ನಮ್ಮ ಚರ್ಚಿನ ಬಾಗಿಲು ಯಾರು ತೆಗೆಯುತ್ತಾರೆ?

ಸಾರಥಿ ಎಂಬ ಹಳ್ಳಿಯಲ್ಲಿ ಕೂತು ಇದನ್ನು ಬರೆಯುತ್ತಿರುವ ನನಗೆ ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ. ಮಳೆಗಾಲದಲ್ಲಿ ತುಂಗಭದ್ರೆ ತುಂಬಿದರೆ ಸಾರಥಿಗೂ ಚಿಕ್ಕಬಿದರಿಗೂ ನಡುವಿನ ರಸ್ತೆಯ ಮೇಲೆ ನೀರು ನಿಲ್ಲುತ್ತದೆ. ಅಂಥ ಭಾನುವಾರ ಹರಿಹರದಿಂದಲೋ ದಾವಣಗೆರೆಯಿಂದಲೋ ಯಾರೇ ಹೊರಟರೂ ಹೊತ್ತಿಗೆ ಬಂದು ಮುಟ್ಟುವ ಭರವಸೆ ಇಲ್ಲ. ಆರಾಧನೆ ಹೊರಗಿನಿಂದ ಬರುವ ಒಬ್ಬರ ಬೈಕಿಗೆ ಕಟ್ಟುಬಿದ್ದರೆ, ಹೊಳೆ ಬಂದ ದಿನ ದೇವರ ಸ್ತುತಿಯೂ ನಿಂತ ಹಾಗೆ.

ಒಬ್ಬರ ಕೈಗೆ ಹಲವು ಊರು ಎನ್ನುವುದನ್ನು ನೀವು ಹೊಸ ಅನ್ಯಾಯ ಎಂದು ತಿಳಿಯಬೇಡಿ. ಹಳೇ ಮೈಸೂರು ಸಂಸ್ಥಾನದಲ್ಲಿ ಪ್ರಾಟೆಸ್ಟಂಟ್ ಕೆಲಸ ಬಹುಪಾಲು ವೆಸ್ಲಿಯನ್ ಮಿಷನ್ನಿನದು. ಅವರ ಏರ್ಪಾಟೇ ಸರ್ಕ್ಯೂಟ್: ಒಬ್ಬ ಬೋಧಕರು, ಅವರ ಸುತ್ತಾಟಕ್ಕೆ ಹತ್ತಾರು ಪ್ರಾರ್ಥನಾಸ್ಥಳ, ಊರೂರಲ್ಲಿ ಒಬ್ಬ ಉಪದೇಶಿ ಅಥವಾ ಮಿಷನ್ ಶಾಲೆಯ ಮೇಷ್ಟ್ರು. ಹೊಳೆ ದಾಟಿದರೆ ರಾಣೆಬೆನ್ನೂರು ಕಡೆ ಆಗ ಮುಂಬೈ ಪ್ರಾಂತ. ಅಲ್ಲಿ ಬಾಸೆಲ್ ಮಿಷನ್. ಅವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಕಾಲಿಟ್ಟವರು. ಹರಿಹರದ ಹಳೇ ಸೇತುವೆ 1868ರಲ್ಲಿ ಕಟ್ಟಿ ಮುಗಿದರೂ ಈ ದಡ ಆ ದಡದ ಸಭೆಗಳು ಎರಡು ಮಿಷನ್ನಿನ ಎರಡು ರೀತಿಯಲ್ಲೇ ಬೆಳೆದವು. ಹಾಡಿನ ಧಾಟಿ, ಆರಾಧನೆಯ ಕ್ರಮ, ಹಿರಿಯರನ್ನು ಆರಿಸುವ ವಿಧಾನ ಒಂದೊಂದು ಕಡೆ ಒಂದೊಂದು ಥರ. ಇವತ್ತು ನೀವು ಯಾವ ದಡದಲ್ಲಿದ್ದರೂ ಒಂದೇ ದಕ್ಷಿಣ ಭಾರತ ಸಭೆಯವರು (ಸಿಎಸ್‌ಐ).

ಆ ಒಂದಾಗುವಿಕೆ ಸುಲಭಕ್ಕೆ ಬರಲಿಲ್ಲ. 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದ ಕೆಲವು ಬೋಧಕರು, ಬಹುತೇಕ ಭಾರತೀಯರೇ, ಹೀಗೆ ಬೇರೆ ಬೇರೆ ನಿಂತರೆ ಸುವಾರ್ತೆಗೇ ಅಡ್ಡಿ ಎಂದು ಕರೆ ಕೊಟ್ಟರು. ಕೂಡಿಕೊಂಡದ್ದು 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ. ನಡುವೆ ಇಪ್ಪತ್ತೆಂಟು ವರ್ಷ ಮಾತುಕತೆ. ಆಂಗ್ಲಿಕನ್ನರಿಗೆ ಬಿಷಪ್ಪರ ಪರಂಪರೆ ಎಲ್ಲಿ ಹೋಗುತ್ತದೋ ಎಂಬ ಭಯ. ಮೆಥಡಿಸ್ಟರಿಗೆ ಅವರ ಲೇ ಬೋಧಕರು, ಅಂದರೆ ಅಭಿಷೇಕವಿಲ್ಲದ ಬೋಧಕರು, ಮೂಲೆಗೆ ಬೀಳುತ್ತಾರೋ ಎಂಬ ಭಯ. ಕಾಂಗ್ರಿಗೇಷನಲಿಸ್ಟರಿಗೆ ಊರ ಸಭೆಯ ಸ್ವಾತಂತ್ರ್ಯದ ಚಿಂತೆ. ಮೂವರೂ ತಮ್ಮದನ್ನು ಒಂದಿಷ್ಟು ಬಿಟ್ಟುಕೊಟ್ಟರು, ಒಂದಿಷ್ಟು ತಂದರು. ಅಷ್ಟು ದೊಡ್ಡವರು ಅಷ್ಟು ವರ್ಷ ಕೂತು ಮಾತಾಡಿ ಒಂದಾದ ಮೇಲೆ, ಮೂರು ಮೈಲಿ ದೂರದ ಎರಡು ಊರಿನವರು ಬೆಳಗಿನ ಆರಾಧನೆಯ ಹೊತ್ತಿಗಾಗಿ ಮುಖ ತಿರುಗಿಸುವುದು ನಮಗೆ ಶೋಭೆ ತರುವುದಿಲ್ಲ.

ಇಂಗ್ಲೆಂಡಿನ ಕಥೆಯನ್ನೂ ಕೇಳಿ, ಯಾಕೆಂದರೆ ಅದರಲ್ಲಿ ನಮಗೆ ಎಚ್ಚರಿಕೆ ಇದೆ. ಅಲ್ಲಿ ಹಳ್ಳಿಗೊಂದು ಪ್ಯಾರಿಷ್, ಪ್ಯಾರಿಷ್‌ಗೊಬ್ಬ ಪಾದ್ರಿ ಎನ್ನುವುದು ಶತಮಾನಗಳ ಲೆಕ್ಕ. ಒಂದು ಕಾಲಕ್ಕೆ ವರಮಾನದ ಆಸೆಗೆ ಒಬ್ಬನೇ ಪಾದ್ರಿ ಹಲವು ಪ್ಯಾರಿಷ್ ಹಿಡಿದುಕೊಳ್ಳುತ್ತಿದ್ದ. ಅದಕ್ಕೆ ಲಗಾಮು ಹಾಕಲು 1838ರಲ್ಲಿ ಕಾನೂನೇ ಬಂತು: ಎರಡಕ್ಕಿಂತ ಹೆಚ್ಚು ಕೂಡದು, ಅವೂ ಹತ್ತು ಮೈಲಿಯ ಒಳಗಿರಬೇಕು. ಇಪ್ಪತ್ತನೆಯ ಶತಮಾನದಲ್ಲಿ ಚಕ್ರ ತಿರುಗಿತು. ಪಾದ್ರಿಗಳು ಕಡಿಮೆ, ದುಡ್ಡು ಕಡಿಮೆ, ಬರುವ ಜನವೂ ಕಡಿಮೆ. 1968ರ ಕಾನೂನು ಪ್ಯಾರಿಷ್‌ಗಳನ್ನು ಕೂಡಿಸುವುದಕ್ಕೂ ಬೇಡವಾದ ಚರ್ಚುಗಳನ್ನು ಮುಚ್ಚುವುದಕ್ಕೂ ದಾರಿ ಮಾಡಿತು. ಈಗ ಅಲ್ಲಿನ ಹಳ್ಳಿಗಾಡಿನಲ್ಲಿ ಒಬ್ಬರೇ ಪಾದ್ರಿ ಐದಾರು ಚರ್ಚು, ಕೆಲವೆಡೆ ಹತ್ತಕ್ಕೂ ಹೆಚ್ಚು ನೋಡಿಕೊಳ್ಳುತ್ತಾರೆ. ಆರಾಧನೆ ನಿಂತುಹೋದ ಮುನ್ನೂರಕ್ಕೂ ಹೆಚ್ಚು ಹಳೇ ಚರ್ಚುಗಳು ಒಂದು ಟ್ರಸ್ಟಿನ ಕೈಯಲ್ಲಿವೆ. ಕಟ್ಟಡಗಳು ಚೆನ್ನಾಗಿವೆ, ನೋಡಲು ಜನ ಹೋಗುತ್ತಾರೆ. ದೂರದ ಮಾತು ಯಾಕೆ, ನಮ್ಮ ಮಡಿಕೇರಿ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚು ಇಂದು ಸರ್ಕಾರಿ ಮ್ಯೂಸಿಯಂ. ಸಭೆ ಕರಗಿದ ಮೇಲೆ ಗೋಡೆ ಉಳಿದು ಏನು ಪ್ರಯೋಜನ?

ನನ್ನ ತೀರ್ಮಾನ ಇದು: ಸಭೆಗಳನ್ನು ಕೂಡಿಸುವುದರಿಂದ ಸಭೆ ಸಾಯುವುದಿಲ್ಲ. ಪಾಸ್ಟರು ಬರುವ ದಿನಕ್ಕೇ ಭಾನುವಾರ ಎಂದು ಕೂತರೆ ಸಾಯುತ್ತದೆ. ದೋರ್ನಕಲ್ಲಿನ ಬಿಷಪ್ ಅಜರಯ್ಯನವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆದವರು ಅವರು. ತೆಲುಗು ಹಳ್ಳಿಗಳಲ್ಲಿ ಒಬ್ಬೊಬ್ಬ ಪ್ರೆಸ್ಬಿಟರ್, ಅಂದರೆ ಅಭಿಷೇಕ ಪಡೆದ ಪಾಸ್ಟರ, ಕೈಯಲ್ಲಿ ಎಷ್ಟೋ ಊರುಗಳಿದ್ದವು. ಹೊಸದಾಗಿ ದೀಕ್ಷಾಸ್ನಾನ ಪಡೆದ ಕೂಲಿಯವನಿಗೂ ಅವರು ತಲೆಯ ಮೇಲೆ ಕೈ ಇಡಿಸಿ, ಸುವಾರ್ತೆ ಸಾರುವ ಹೊಣೆ ತನ್ನದೆಂದು ಬಾಯಿಬಿಟ್ಟು ಹೇಳಿಸುತ್ತಿದ್ದರು. ಓದು ಬಾರದವರ ಮೇಲೆ ಅಷ್ಟು ನಂಬಿಕೆ ಇಟ್ಟಿದ್ದರು. ಡಿಗ್ರಿ ಓದಿದ ನೀವು ವೇದಪಾಠ ಓದಲು ನಾಚಿದರೆ ಹೇಗೆ?

ಆದ್ದರಿಂದ ಮೊದಲು ಕಲಿಯಬೇಕಾದ್ದು ಆರಾಧನೆ ನಡೆಸುವುದು. ಕರ್ತನ ಭೋಜನ ಪ್ರೆಸ್ಬಿಟರರೇ ನಡೆಸಬೇಕು, ಅದಕ್ಕೆ ಕಾಯಬೇಕು. ಪ್ರಾರ್ಥನೆ, ಕೀರ್ತನೆ, ವೇದಪಾಠ, ಕಾಣಿಕೆ, ರೋಗಿಗಳಿಗಾಗಿ ಬೇಡಿಕೆ, ಇವಕ್ಕೆ ಯಾರೂ ಕಾಯಬೇಕಾಗಿಲ್ಲ. ಪ್ರಸಂಗ ಮಾಡಲು ಧೈರ್ಯ ಸಾಲದಿದ್ದರೆ ಪಾಸ್ಟರಿಂದ ಮುಂಚೆಯೇ ಬರೆಸಿಕೊಂಡು ಓದಿ. ಸಂಡೆ ಸ್ಕೂಲು ಒಂದು ವಾರವೂ ನಿಲ್ಲಬಾರದು. ಹತ್ತೇ ಜನ ಬಂದರೂ ಸರಿ, ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯಿರಿ.

ಎರಡನೆಯದು ಕಾಗದಪತ್ರ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಸಭೆಗಳು ಕೂಡಿದಾಗ ದೀಕ್ಷಾಸ್ನಾನ, ಮದುವೆ, ಸಮಾಧಿಯ ರಿಜಿಸ್ಟರುಗಳು ಪಾಸ್ಟರ ಮನೆಯಿರುವ ಊರಿಗೆ ಹೋಗುತ್ತವೆ. ಹೋಗಲಿ, ಆದರೆ ಯಾವ ಪುಸ್ತಕ, ಯಾವ ವರ್ಷದಿಂದ ಯಾವ ವರ್ಷದವರೆಗಿನದು ಎಂದು ಪಟ್ಟಿ ಬರೆದು ಕೊಟ್ಟವರು, ತೆಗೆದುಕೊಂಡವರು ಸಹಿ ಹಾಕಲಿ. ಪುಟಪುಟವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ನಾಳೆ ನಿಮ್ಮದೇ ಮದುವೆಗೆ ದೀಕ್ಷಾಸ್ನಾನದ ಸರ್ಟಿಫಿಕೇಟ್ ಬೇಕಾದಾಗ ಇದರ ಬೆಲೆ ತಿಳಿಯುತ್ತದೆ. ಚರ್ಚಿನ ಜಾಗ, ಸಮಾಧಿ ಭೂಮಿಯ ಖಾತೆ ಯಾರ ಹೆಸರಲ್ಲಿದೆ, ಕಂದಾಯ ಕಟ್ಟಿದೆಯೇ ನೋಡಿ. ಸಿಎಸ್‌ಐ ಆಸ್ತಿಗೆ ಟ್ರಸ್ಟ್ ಅಸೋಸಿಯೇಷನ್ ಇದೆ ನಿಜ, ಆದರೆ ಊರ ಸಮಾಧಿ ಭೂಮಿಯ ಬೇಲಿ ಒತ್ತಿದರೆ ಮೊದಲು ಕಾಣುವುದು ನಿಮ್ಮ ಕಣ್ಣಿಗೆ.

ಮದುವೆಯ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡುತ್ತೇನೆ. 1872ರ ಕ್ರಿಶ್ಚಿಯನ್ ಮದುವೆ ಕಾನೂನಿನ ಪ್ರಕಾರ ಅಧಿಕಾರವುಳ್ಳವರೇ ಮದುವೆ ಮಾಡಿಸಬೇಕು, ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ ಸಂಜೆ 7ರ ಒಳಗೆ. ಛತ್ರ ಬುಕ್ ಮಾಡಿ, ಕಾರ್ಡು ಹಂಚಿ, ಆಮೇಲೆ ಪಾಸ್ಟರಿಗೆ ತಿಳಿಸುವ ಚಾಳಿ ಬಿಡಿ. ಮೂರು ಊರಿನ ಮದುವೆ, ಮಣ್ಣು, ದೀಕ್ಷಾಸ್ನಾನ ಒಬ್ಬರ ತಲೆಯ ಮೇಲಿರುತ್ತವೆ. ಮೊದಲು ಅವರ ತಾರೀಕು, ಆಮೇಲೆ ಛತ್ರದ್ದು.

ಇನ್ನು ಪಾಳಿ. ಭದ್ರಾ ನಾಲೆಯ ಕೊನೆಭಾಗದ ರೈತರ ಮಕ್ಕಳು ನೀವು. ಮೇಲಿನವರು ತೂಬು ಎತ್ತಿಕೊಂಡರೆ ಕೆಳಗಿನ ಗದ್ದೆಗೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಪಾಸ್ಟರ ಹೊತ್ತೂ ಹಾಗೇ ದೊಡ್ಡ ಊರಿನಲ್ಲೇ ಇಂಗಿಹೋಗುತ್ತದೆ. ಅದಕ್ಕೇ ಕ್ರಿಸ್ಮಸ್ ಬೆಳಗಿನ ಆರಾಧನೆಯನ್ನು ವರ್ಷಕ್ಕೊಂದು ಊರಿಗೆ ಕೊಡಿ, ಮೊದಲ ವರ್ಷ ಎಲ್ಲಕ್ಕಿಂತ ಚಿಕ್ಕ ಸಭೆಗೆ. ಸುಗ್ಗಿ ಹಬ್ಬವನ್ನು ಮೂರೂ ಊರು ಸೇರಿ ಮಾಡಿ, ಹರಾಜಿನ ದುಡ್ಡಿನ ಲೆಕ್ಕ ಎಲ್ಲರ ಮುಂದೆ ಓದಿ.

ಈಗ ಹೇಳುವುದನ್ನು ಹಿರಿಯರ ಮುಂದೆ ಹೇಳಲು ನಿಮಗೆ ಕಷ್ಟವಾಗಬಹುದು, ಆದರೂ ಹೇಳಲೇಬೇಕು. ಕೂಡಿಸುವುದಕ್ಕೆ ಒಪ್ಪದ ಕೆಲವರು ದೂರ, ರಸ್ತೆ, ಹೊತ್ತು ಎಂದು ಕಾರಣ ಕೊಡುತ್ತಾರೆ. ಕೆದಕಿದರೆ ಒಳಗಿರುವುದು ಜಾತಿ. ಆ ಊರಿನ ಚರ್ಚು ಕೇರಿಯಲ್ಲಿದೆ, ಅಲ್ಲಿಗೆ ಹೋಗಿ ಅದೇ ಪಾತ್ರೆಯಲ್ಲಿ ಹೇಗೆ ಪಾಲುಗೊಳ್ಳುವುದು ಎಂಬ ಅಳುಕು. ಇದು ಪಾಪ. ಇದಕ್ಕೆ ಬೇರೆ ಹೆಸರಿಲ್ಲ. ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಸೆಪ್ಟೆಂಬರ್ 8ರಂದು ಎಲ್ಲ ಧರ್ಮದವರೂ ಭುಜ ತಾಗಿಸಿ ನಿಲ್ಲುತ್ತಾರೆ. ಒಂದೇ ಸಭೆಯ ನಾವು ಪಕ್ಕದ ಕೇರಿಗೆ ಹೋಗಲು ಹಿಂಜರಿದರೆ ನಮ್ಮ ದೀಕ್ಷಾಸ್ನಾನಕ್ಕೆ ಅರ್ಥವೇನು? ಅಂಥ ಮಾತು ಬಂದಾಗ ವಾದ ಬೇಡ. ಮುಂದಿನ ವಾರ ಹತ್ತು ಜನ ಗೆಳೆಯರು ಆ ಚರ್ಚಿಗೆ ಹೋಗಿ, ಆರಾಧನೆಯಲ್ಲಿ ಕೂತು, ಅವರು ಕೊಟ್ಟ ಊಟ ಮಾಡಿ ಬನ್ನಿ.

ನಿಮ್ಮ ಪಾಲಿಗೆ ಮಹಿಳಾ ಪ್ರೆಸ್ಬಿಟರ್ ಬಂದರೆ ಮೂಗು ಮುರಿಯುವವರ ಜೊತೆ ಸೇರಬೇಡಿ. ನಮ್ಮ ಸಭೆ 1976ರಿಂದ ಹೆಣ್ಣುಮಕ್ಕಳಿಗೆ ಅಭಿಷೇಕ ಕೊಡುತ್ತಿದೆ. 2013ರಲ್ಲಿ ನಂದ್ಯಾಲಕ್ಕೆ ಮಹಿಳೆಯೇ ಬಿಷಪ್ ಆದರು. ಯಾರೇ ಬರಲಿ, ಭಾನುವಾರ ಎರಡು ಮೂರು ಕಡೆ ಆರಾಧನೆ ಮುಗಿಸಿ ಬಂದವರನ್ನು ಕೂರಿಸಿ ದೂರು ಹೇಳಬೇಡಿ. ಪೆಟ್ರೋಲಿನ ಖರ್ಚನ್ನು ಕೇಳುವ ಮುಂಚೆ ಕೊಡಿ. ವಾರದ ಮಧ್ಯೆ ಒಂದು ದಿನ ಅವರನ್ನು ಹಾಸಿಗೆ ಹಿಡಿದವರ ಮನೆಗೆ ಕರೆದುಕೊಂಡು ಹೋಗಿ. ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಎಂಬುದು ಅವರಿಗೆ ನಿಮ್ಮಿಂದಲೇ ತಿಳಿಯಬೇಕು.

ನಿಮ್ಮಲ್ಲಿ ಯಾರಿಗಾದರೂ ಈ ಸೇವೆಗೆ ಕರೆ ಇದೆ ಅನ್ನಿಸಿದರೆ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಬಾಗಿಲು ತಟ್ಟಿ. ಹಳ್ಳಿಗೆ ಬರಲು ಒಪ್ಪುವ ಪಾಸ್ಟರು ಸಾಲದೆ ಬಂದಿರುವುದಕ್ಕೇ ಊರುಗಳನ್ನು ಕೂಡಿಸಬೇಕಾಗಿದೆ, ಆ ಕೊರತೆ ತುಂಬುವವರು ಹಳ್ಳಿಯಿಂದಲೇ ಹೊರಡಬೇಕು. ಉಳಿದವರು ಈ ಶನಿವಾರ ಸಂಜೆ ಸೇರಿ, ಮುಂದಿನ ಮೂರು ತಿಂಗಳ ಪಾಳಿ ಪಟ್ಟಿ ಬರೆಯಿರಿ. ಯಾವ ಭಾನುವಾರ ಯಾರು ಪ್ರಾರ್ಥನೆ ನಡೆಸುವುದು, ಯಾರು ಪಾಠ ಓದುವುದು, ಬೀಗದ ಕೈ ಯಾರ ಹತ್ತಿರ, ಎಲ್ಲವೂ ಅದರಲ್ಲಿರಲಿ. ಪಟ್ಟಿಯ ಒಂದು ಪ್ರತಿ ಚರ್ಚಿನ ಗೋಡೆಗೆ ಅಂಟಿಸಿ, ಇನ್ನೊಂದು ಪ್ರತಿ ಪಾಸ್ಟರಿಗೆ ಕೊಡಿ.